ಶೆಟ್ಟೆವ್ವ ಬರೆದ ಹೆಸರುಗಳು

ನೇಸರಗಿಯಲ್ಲಿ ನಮ್ಮ ಓಣಿಯ ಬುದ್ಧ ವಿಹಾರದೊಳಗೆ ಒಂದು ಕಂಪ್ಯೂಟರ್ ಇದೆ. ಕಮಿಟಿಯ ಹಿರಿಯರಾದ ಲಗಮಣ್ಣ ಕಾಕಾ ಅದಕ್ಕೆ ಹೂವಿನ ಬಟ್ಟೆ ಹೊದಿಸಿಟ್ಟಿದ್ದರು. ಹಿಂದೆ ಯಾರೋ ರಿಪೇರಿ ಮಾಡುತ್ತೇನೆಂದು ಬಂದು, ಸ್ಕ್ಯಾನ್ ಮಾಡಿ ಹಾಕಿದ್ದ ವಿಹಾರ ಕಟ್ಟುವಾಗಿನ ಹಳೆಯ ಫೋಟೊಗಳಲ್ಲಿ ಅರ್ಧ ಅಳಿಸಿ ಹೋಗಿದ್ದನಂತೆ. ಉಳಿದರ್ಧ ಅದರಲ್ಲೇ ಇವೆ. ಅಂದಿನಿಂದ ಯಾರು ಹತ್ತಿರ ಹೋದರೂ ಕಾಕಾನದು ಒಂದೇ ಮಾತು: "ಮುಟ್ಟಬ್ಯಾಡ್ರಿ." ಊರವರು ತಲೆತಲಾಂತರದಿಂದ ನಮಗೆ ಹೇಳಿದ ಈ ಮಾತನ್ನೇ ನಮ್ಮ ಓಣಿಯಲ್ಲಿ, ಅದೂ ವಿಹಾರದೊಳಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಪ್ರಜ್ಞಾ, ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಒಂದು ರವಿವಾರ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಕಾಕಾನ ಮುಂದೆ ನಿಂತೆ.

"ಇದರಾಗ ಲಿನಕ್ಸ್ ಐತ್ರಿ ಕಾಕಾ, ಸ್ವತಂತ್ರ ತಂತ್ರಾಂಶ. ಕಂಪ್ಯೂಟರ್ ಇದರಿಂದನ ಚಾಲೂ ಆಗತೈತಿ. ಒಳಗ ಏನೂ ಇನ್‌ಸ್ಟಾಲ್ ಮಾಡೂದಿಲ್ಲ. ನಿಮ್ಮ ಫೋಟೊ ಇದ್ದಲ್ಲೇ ಇರತಾವು."

"ಪುಕ್ಕಟೆ ಏನು?"

"ಹೂನ್ರಿ. ಆದ್ರ ಅದು ದೊಡ್ಡ ಮಾತಲ್ಲ. ಇದನ್ನ ಯಾರ ಬೇಕಾದ್ರೂ ಬಳಸಬಹುದು, ಹೆಂಗ ಮಾಡ್ಯಾರಂತ ಒಳಗ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಯಾರ ಮುಂದೂ ಕೈ ಕಟ್ಟಿ ನಿಲ್ಲಬೇಕಾಗಿಲ್ಲ."

ಕಾಕಾ ಪೆನ್‌ಡ್ರೈವನ್ನು ತಿರುಗಿಸಿ ನೋಡಿದರು. "ಬ್ಯಾಡ ಅನಿಸಿದ್ರ?"

"ಬಂದ್ ಮಾಡಿ ಕಿತ್ತರ ಆತ್ರಿ. ನಾವು ಬಂದಿದ್ವಿ ಅನ್ನೂ ಗುರುತೂ ಉಳಿಯೂದಿಲ್ಲ."

ಈ ಕೊನೆಯ ಮಾತನ್ನು ನಾನು ಬಹಳ ಜಂಬದಿಂದ ಹೇಳಿದೆ.

ಕಾಕಾ ಬಟ್ಟೆ ತೆಗೆದರು. ಪೆನ್‌ಡ್ರೈವ್ ಹಾಕಿ ಚಾಲೂ ಮಾಡಿದೆ. ನೋಡುವುದಷ್ಟೇ ಬೇಕೋ, ಒಳಗೆ ಹಾಕಬೇಕೋ ಎಂದು ಪರದೆ ಕೇಳಿತು. ನೋಡುವುದಷ್ಟೇ ಎಂದು ಒತ್ತಿದೆ. ಕಾಕಾ ತಮ್ಮ ಫೋಟೊಗಳನ್ನೆಲ್ಲ ತೆರೆಸಿ, ಇವೆಯೆಂದು ಖಾತ್ರಿ ಮಾಡಿಕೊಂಡು ಚಹಾಕ್ಕೆ ಹೋದರು.

ಆಗ ಕಸ ಗುಡಿಸುತ್ತಿದ್ದ ಶೆಟ್ಟೆವ್ವ ಆಯಿ ಹತ್ತಿರ ಬಂದಳು. ದಿನಾ ಆ ಮೇಜು ಒರೆಸುವವಳು ಅವಳೇ. ಕೀಲಿಗಳಿಗೆ ಮಾತ್ರ ಒಂದು ದಿನವೂ ಬೆರಳು ತಾಗಿಸಿದವಳಲ್ಲ. ಅವಳು ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ.

"ನಾ ಮುಟ್ಟಿದ್ರ ಕೆಡತೈತೇನ ಯವ್ವಾ?"

"ಏನ್ ಒತ್ತಿದ್ರೂ ಕೆಡೂದಿಲ್ಲ ಆಯಿ. ಕುಂಡ್ರ ಬಾ."

ಯಾವ ಕೀಲಿಯಲ್ಲಿ ಯಾವ ಕನ್ನಡ ಅಕ್ಷರವಿದೆ ಎಂದು ರಟ್ಟಿನ ಮೇಲೆ ಬರೆದುಕೊಟ್ಟು, ನಾನು ಕಪಾಟಿನ ಪುಸ್ತಕ ಜೋಡಿಸಲು ಹೋದೆ. ಆಯಿ ಒಂದೇ ಬೆರಳಿನಿಂದ ಒತ್ತುತ್ತ, ನಡುನಡುವೆ ಏನೋ ನೆನಪಿಸಿಕೊಳ್ಳುತ್ತ ಎರಡು ತಾಸು ಕೂತಳು. ಬಂದು ನೋಡಿದರೆ ಒಂಬತ್ತು ಹೆಂಗಸರ ಹೆಸರು.

"ಈ ವಿಹಾರಕ್ಕ ಖಣಿಯಿಂದ ಕಲ್ಲ ಹೊತ್ತವರು," ಎಂದಳು. "ಬಾಗಲದ ಕಲ್ಲಿನ್ಯಾಗ ಗಂಡಸರ ಹೆಸರಷ್ಟ ಕೆತ್ಯಾರ. ನಾ ಹೋದ ಮ್ಯಾಲೆ ಇವರು ಯಾರಿಗೂ ಗೊತ್ತಿರೂದಿಲ್ಲ. ಫೋಟೊ ಇದ್ದಲ್ಲೇ ಹೆಸರೂ ಇರಲಿ."

ರೂಢಿಯಂತೆ ಉಳಿಸುವ ಗುಂಡಿ ಒತ್ತಿದೆ. ಅಷ್ಟರಲ್ಲಿ ಬಾಗಿಲು ಹಾಕಲು ಕಾಕಾ ಬಂದರು. ಕಂಪ್ಯೂಟರ್ ಬಂದ್ ಮಾಡಿ ಪೆನ್‌ಡ್ರೈವ್ ಕಿತ್ತೆ. "ಲಗಮಣ್ಣಗೂ ತೋರ್ಸು," ಎಂದಳು ಆಯಿ. ಪೆನ್‌ಡ್ರೈವ್ ಹಾಕಿ ಮತ್ತೆ ಚಾಲೂ ಮಾಡಿದೆ. ಹೆಸರುಗಳು ಎಲ್ಲೂ ಇರಲಿಲ್ಲ.

ಹೀಗೆ ನಡೆಸಿದಾಗ ಬರೆದದ್ದು ಯಂತ್ರದ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತದೆ, ಬಂದ್ ಮಾಡಿದರೆ ಹೋಗುತ್ತದೆ. ಲ್ಯಾಬಿನಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳುವ ಮಾತಿದು. ಆಯಿಗೆ ಹೇಳಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಆಯಿ ಖಾಲಿ ಪರದೆ ನೋಡಿದಳು. ಸಿಟ್ಟು ಮಾಡಲಿಲ್ಲ. "ಕೆಡೂದಿಲ್ಲ ಅಂದಿ. ಉಳಿಯೂದಿಲ್ಲ ಅನ್ನಲಿಲ್ಲ," ಎಂದಳು.

"ನನ್ನ ಕಡೆ ಇನ್ನೊಂದ ಡ್ರೈವ್ ಐತಿ ಆಯಿ. ಮತ್ತ ಬರದ್ರ ಅದರಾಗ ಇಟಕೋತೇನಿ."

"ನಿನ್ನ ಚೀಲದಾಗ ಬ್ಯಾಡ. ಇಲ್ಲೇ ಇರಬೇಕು."

"ಇಲ್ಲೇ ಇರಬೇಕು, ನನ್ನ ಪೆನ್‌ಡ್ರೈವ್ ಇಲ್ಲದ ತಗದು ಓದಬೇಕಂದ್ರ ಒಳಗ ಇನ್‌ಸ್ಟಾಲ್ ಮಾಡಬೇಕಾಗತೈತಿ," ಎಂದು ಕಾಕಾನ ಕಡೆ ನೋಡಿದೆ.

ಕಾಕಾನ ಹುಬ್ಬು ಗಂಟಾಯಿತು. "ನಮ್ಮ ಫೋಟೊ?"

"ಮೊದಲ ನನ್ನ ಡ್ರೈವಿಗೆ ನಕಲ ಮಾಡತೇನ್ರಿ. ನೀವು ನೋಡಿ ಹೂಂ ಅಂದ ಮ್ಯಾಲೆ ಮುಂದಿನ ಕೆಲಸ." ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬೆಳಿಗ್ಗೆಯ ಜಂಬ ಇಳಿದಿತ್ತು, ನಿಜ ಹೇಳಿದೆ. "ಆದ್ರ ಈ ಸಲ ಕಿತ್ತರ ಹೋಗೂದಿಲ್ಲ ಕಾಕಾ. ಮಾಡಿದ್ದು ಮಾಡಿದಂಗ."

ಕಾಕಾ ಬಟ್ಟೆಯನ್ನು ಕೈಯಲ್ಲಿ ಮಡಚುತ್ತ ನಿಂತರು. ಆಮೇಲೆ ಆಯಿಯನ್ನು ಕೇಳಿದರು. "ಚಿಗವ್ವ, ಅದರಾಗ ನಮ್ಮವ್ವನ ಹೆಸರ ಇತ್ತೇನು?"

"ಬಾಯವ್ವ. ಮೂರನೇದು. ಆಕಿ ಕಲ್ಲ ಹೊರೂ ಮುಂದ ನೀ ಹೊಟ್ಟ್ಯಾಗಿದ್ದಿ."

ಕಾಕಾ ಕಂಪ್ಯೂಟರಿಗೆ ಹೊದಿಸುತ್ತಿದ್ದ ಆ ಬಟ್ಟೆಯನ್ನು ಮಡಿಕೆ ಮಾಡಿ ಕುರ್ಚಿಗೆ ಹಾಸಿದರು. "ಕುಂಡ್ರ ಚಿಗವ್ವ," ಎಂದರು.

ಫೋಟೊ ನಕಲಾಗಿ, ಕಾಕಾ ಒಂದೊಂದನ್ನೂ ನೋಡಿ, ಲಿನಕ್ಸ್ ಒಳಗೆ ಕೂತು, ಫೋಟೊಗಳು ಮರಳಿ ಅದರೊಳಗೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಯಿ ಮತ್ತೆ ಬರೆದಳು. ಈ ಸಲ ಹತ್ತು ಹೆಸರು. ಹತ್ತನೆಯದು ಶೆಟ್ಟೆವ್ವ.

"ಬಂದ್ ಮಾಡಿ ಮತ್ತ ಹಚ್ಚು," ಎಂದಳು.

ಹಚ್ಚಿದೆ. ಹತ್ತೂ ಇದ್ದವು. ಆಯಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದಿದಳು, ತನ್ನದಕ್ಕೆ ಬಂದು ನಿಂತಳು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಮೂಡಿತು. ಕಾಕಾ ಅದನ್ನು ನೋಡಿದರು, ಒರೆಸಲಿಲ್ಲ.