ನಾಲ್ಕನೇ ರೇಣಮ್ಮನ ಕಾಲು

ಭಗವಂತರಾಯ ತೆಗೆದ ಮೊದಲ ಒಳ್ಳೆಯ ಫೋಟೊ ಶಹಾಪುರದ ಗುಡ್ಡದ್ದು. ಮನುಷ್ಯನೊಬ್ಬ ಅಂಗಾತ ಮಲಗಿದಂತೆ ಕಾಣುವ ಆ ಗುಡ್ಡ ಕ್ಯಾಮರಾ ಕಂಡು ನಾಚಲಿಲ್ಲ, ಸೀನಲಿಲ್ಲ, ಮೂಗು ಒರೆಸಿಕೊಳ್ಳಲಿಲ್ಲ. ಒಂದೊಂದು ಬಂಡೆಯೂ ಎಣಿಸುವ ಹಾಗೆ ಬಂತು. ಅದನ್ನು ನೋಡಿದ ಕೂಡಲೇ ಅವನಿಗೆ ಬೇಸರ ಹಿಡಿಯಿತು. ಮಲಗಿದ್ದನ್ನು ಹಿಡಿಯುವುದು ಯಾವ ದೊಡ್ಡ ಮಾತು? ನಡೆಯುವುದನ್ನು ಹಿಡಿಯಬೇಕು, ಓಡುವುದನ್ನು ಹಿಡಿಯಬೇಕು.

ಅವನು ಶಹಾಪುರದ ಬದಿಯ ಕುರಿಗಾರರ ಮನೆಯ ಹುಡುಗ. ಯಾದಗಿರಿಯಲ್ಲಿ ಕೋಣೆ ಹಿಡಿದು ಹೈಸ್ಕೂಲು ಓದುತ್ತಿದ್ದ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಎರಡು ವರ್ಷವಾಗಿತ್ತು. ಪಾಠಗಳು ಉರ್ದುವಿನಿಂದ ಕನ್ನಡಕ್ಕೆ ದಾಟುತ್ತಿದ್ದವು. ಗಣಿತದ ಮಾಸ್ತರರು ಕನ್ನಡದಲ್ಲಿ ಲೆಕ್ಕ ಹೇಳಿ ಉರ್ದುವಿನಲ್ಲಿ ಬೈಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಭಗವಂತರಾಯ ಸ್ಟೇಶನ್ ರಸ್ತೆಯ ಮನ್ಸೂರಅಲಿಯ ಫೋಟೊ ಸ್ಟುಡಿಯೋದಲ್ಲಿ ಇರುತ್ತಿದ್ದ. ಅಲ್ಲಿ ಆಗ ಎಲ್ಲಿಲ್ಲದ ಗಿರಾಕಿ. ಊರಿನ ದೊಡ್ಡ ಮನುಷ್ಯರೆಲ್ಲ ತಮ್ಮ ಹಳೆಯ ಫೋಟೊಗಳನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದು, ಬಾಗಿಲು ಮುಂದೆ ಮಾಡಿ, ತಲೆಯ ಮೇಲಿನ ಹಳೆಯ ಸರಕಾರದ ಕೆಂಪು ರೂಮಿ ಟೋಪಿ ತೆಗೆದು ಹೊಸ ಸರಕಾರದ ಬಿಳಿ ಟೋಪಿ ಕೂಡಿಸಿಕೊಡಲು ಕೇಳುತ್ತಿದ್ದರು. ಬ್ಲೇಡಿನಿಂದ ಕೆರೆಯುವುದು, ಪೆನ್ಸಿಲಿನಿಂದ ತಿದ್ದುವುದು, ಒಂದರದ್ದು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದು, ಇದೆಲ್ಲವನ್ನೂ ಭಗವಂತರಾಯ ಕಲಿತದ್ದು ಈ ಟೋಪಿಗಳ ಮೇಲೆ.

"ಹುಕೂಮತ್ ಬದಲಾತು, ಟೋಪಿ ಬದಲಾತು," ಎನ್ನುತ್ತಿದ್ದ ಮನ್ಸೂರಅಲಿ, ಚಹಾ ಊದುತ್ತ. "ತಲಿ ಮಾತ್ರ ಹಳೇದ ಉಳೀತು ನೋಡು, ಬೇಟಾ."

ಆದರೆ ಓಡುವುದು ಮಾತ್ರ ಕೈಗೆ ಸಿಗಲಿಲ್ಲ. ಓಡುವ ಹುಂಜವನ್ನು ತೆಗೆದರೆ ತಲೆ ಬರಲಿಲ್ಲ. ಅಪ್ಪನ ಟಗರನ್ನು ತೆಗೆದರೆ ಎರಡು ಕೊಂಬು, ಅವುಗಳ ಹಿಂದೆ ಹೊಗೆ. ಕಡೆಗೆ ರದ್ದಿ ಅಂಗಡಿಯಲ್ಲಿ ಒಂದು ಹರಕು ವಿದೇಶಿ ಪತ್ರಿಕೆ ಸಿಕ್ಕಿತು. ಅದರಲ್ಲಿ ಒಬ್ಬನೇ ಮನುಷ್ಯ ಒಂದೇ ಚಿತ್ರದಲ್ಲಿ ಏಳೆಂಟು ಕಡೆ ಗೋಡೆ ಹಾರುತ್ತಿದ್ದ. ಭಗವಂತರಾಯ ಊಟ ಬಿಟ್ಟು ಅದರ ಗುಟ್ಟು ಬಿಡಿಸಿದ. ಹಿಂದೆ ಕಪ್ಪು ಬಿಟ್ಟು ಬೇರೇನೂ ಇರಬಾರದು. ಮನುಷ್ಯ ಒಂದು ಹೆಜ್ಜೆ ಇಟ್ಟು ನಿಲ್ಲಬೇಕು, ಆಗ ಕ್ಯಾಮರಾದ ಮುಚ್ಚಳ ತೆಗೆದು ಮತ್ತೆ ಹಾಕಬೇಕು. ಇನ್ನೊಂದು ಹೆಜ್ಜೆ, ಇನ್ನೊಮ್ಮೆ ಮುಚ್ಚಳ. ಅದೇ ಗಾಜಿನ ಪ್ಲೇಟಿನ ಮೇಲೆ ಮನುಷ್ಯ ಹೆಜ್ಜೆಗೊಮ್ಮೆ ಮೂಡುತ್ತ ಹೋಗುತ್ತಾನೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಕಪ್ಪಿಗೇನು ಬರ? ಅವರ ಮನೆಯಲ್ಲಿ ಹಾಸುವುದು ಕರಿ ಕಂಬಳಿ, ಹೊದೆಯುವುದು ಕರಿ ಕಂಬಳಿ, ಮಳೆ ಬಂದರೆ ತಲೆಗೂ ಕರಿ ಕಂಬಳಿ. ಬೇಕಾದದ್ದು ನಡೆಯುವವರು. ಅದಕ್ಕೂ ಸರಿಯಾಗಿ ಮನೆಯಿಂದ ಕರೆ ಬಂತು.

ಅವನ ಅಕ್ಕ ರೇಣಮ್ಮನಿಗೆ ಸುರಪುರದ ಪಕ್ಕದ ರಂಗಂಪೇಟೆಯಿಂದ ಗಂಡು ಬಂದಿತ್ತು. ಹುಡುಗ ಮೌನಪ್ಪ ಕಂಬಳಿ ವ್ಯಾಪಾರದವನು. ಶಹಾಪುರದ ಸಂತೆಯಲ್ಲಿ ರೇಣಮ್ಮ ಒಬ್ಬ ದಲಾಲನ ಬಾಯಿ ಮುಚ್ಚಿಸುತ್ತಿದ್ದುದನ್ನು ನೋಡಿ ಅಲ್ಲೇ ಮನಸ್ಸು ಮಾಡಿದ್ದ. ರೇಣಮ್ಮನೂ ಅವನನ್ನು ನೋಡಿದ್ದಳು, ಆಮೇಲೆ ದಲಾಲನಿಗೆ ನಾಲ್ಕಾಣೆ ಬಿಟ್ಟೂ ಬಿಟ್ಟಿದ್ದಳು. ಇದು ಅವಳ ಸ್ವಭಾವವಲ್ಲ. ಮನೆಯವರಿಗೆ ಅಷ್ಟರಲ್ಲೇ ತಿಳಿಯಿತು. ಅಡ್ಡ ಬಂದದ್ದು ಹಳೆಯ ಸುದ್ದಿ. ಚಿಕ್ಕವಳಿದ್ದಾಗ ಅವಳ ಕಾಲಿಗೆ ಜಾಲಿ ಮುಳ್ಳು ಮುರಿದು ಕೆಲವು ದಿನ ಕುಂಟಿದ್ದಳು. ಯಾರೋ ನೆಂಟರು ಆ ದಿನಗಳಲ್ಲೇ ಬಂದುಹೋಗಿದ್ದರು. ಕಾಲು ವಾಸಿಯಾಯಿತು, ಸುದ್ದಿ ಕುಂಟುತ್ತಲೇ ಊರೂರು ತಿರುಗಿತು. ಈಗಾಗಲೇ ಎರಡು ಸಂಬಂಧ ಮನೆಯ ತನಕ ಬಾರದೆ ತಪ್ಪಿಹೋಗಿದ್ದವು.

ಮೌನಪ್ಪನಿಗೆ ಹಿರಿಯರೆಂದರೆ ಅಜ್ಜಿ ಗುರುಲಿಂಗಮ್ಮ ಒಬ್ಬಳೇ. ಆಕೆ ಸೊಂಟ ಮುರಿದು ಹೊರಸು ಹಿಡಿದಿದ್ದಳು, ಬಂದು ನೋಡುವಂತಿಲ್ಲ. ಮಾತು ಮುಗಿಯದೆ ಹುಡುಗಿ ಗಂಡಿನ ಮನೆಯ ಹೊಸ್ತಿಲು ತುಳಿಯುವ ಪದ್ಧತಿಯಿಲ್ಲ. ಮೊಮ್ಮಗ ತಾನೇ ಕಣ್ಣಾರೆ ನೋಡಿದ್ದೇನೆ ಎಂದರೆ ಮುದುಕಿ ಒಪ್ಪಳು. "ಗಂಡಸ್ರು ಮಾರಿ ನೋಡ್ತಾರ, ಕಾಲು ನೋಡಂಗಿಲ್ಲ. ಆಕಿ ನಡದದ್ದು ನಾ ನೋಡಲಾರದ ಹೂಂ ಅನ್ನಂಗಿಲ್ಲ," ಎಂದು ಹೇಳಿ ಕಳಿಸಿದ್ದಳು.

"ನಡದದ್ದನ್ನ ನಾ ಫೋಟೊದಾಗ ತೋರಸ್ತೀನಿ!" ಎಂದ ಭಗವಂತರಾಯ.

ರೇಣಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹುಂಜಿನ ತಲಿ ಎಲ್ಲಿ ಹೋತು ಅಂತ ಇನ್ನಾ ಗೊತ್ತಾಗಿಲ್ಲ. ನಂದೇನು ಹಾರಸ್ತೀ?"

"ಯಕ್ಕಾ, ಇದು ಬ್ಯಾರೆ. ಇದು ವಿಜ್ಞಾನ."

"ಏ ಭಗವಂತಾ, ಈ ಸಂಬಂಧ ತಪ್ಪಿದ್ರ ನಿನ್ನ ಮುಚ್ಚಳ ನಿನ್ನ ಬಾಯಿಗೆ ಹಾಕ್ತೀನಿ, ನೋಡು."

ಮನ್ಸೂರಅಲಿ ಮರದ ಕ್ಯಾಮರಾವನ್ನೂ ಎರಡು ಪ್ಲೇಟುಗಳನ್ನೂ ಕೈಗಡಿಯಾರವನ್ನೂ ಕೊಟ್ಟು ಕಳಿಸಿದ. ಅಂಗಳದಲ್ಲಿ ಬೇವಿನ ಮರಕ್ಕೂ ಬಂಡಿಯ ನೊಗಕ್ಕೂ ಕಂಬಳಿಗಳನ್ನು ಹೊಲಿದು ಕಟ್ಟಿದ್ದಾಯಿತು. ಜೋತುಬಿದ್ದ ತುದಿಯನ್ನು ಅಪ್ಪ ಮಲ್ಕಪ್ಪ ಹಿಡಿದು ನಿಂತ. ಭಗವಂತರಾಯ ಕ್ಯಾಮರಾದ ಹಿಂದೆ ನಿಂತು ಅಪ್ಪಣೆ ಮಾಡಿದ: "ನಾ ಹೇಳೂತನಕ ಯಾರೂ ಪಿಟಕ್ ಅನ್ನಬಾರದು. ಯಪ್ಪಾ, ನೀನೂ ಸೈತ."

ರೇಣಮ್ಮ ತಿಳಿ ಬಣ್ಣದ ಸೀರೆಯುಟ್ಟು, ಒಂದೊಂದು ಹೆಜ್ಜೆಗೂ ನಿಂತು, ಎಡದಿಂದ ಬಲಕ್ಕೆ ಹೋದಳು. ಎರಡನೇ ಪ್ಲೇಟಿಗೆ ಹಾಗೆಯೇ ತಿರುಗಿ ಬಂದಳು. ಅಷ್ಟು ಹೊತ್ತೂ ಅವನ ಕಣ್ಣು ಗಡಿಯಾರದ ಮುಳ್ಳಿನ ಮೇಲೆಯೇ ಇತ್ತು. ಯಾರೂ ಪಿಟಕ್ ಎನ್ನಲಿಲ್ಲ.

ಯಾದಗಿರಿಗೆ ಮರಳಿ ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದಾಗ ಮೊದಲನೆಯದರಲ್ಲಿ ಐದು ರೇಣಮ್ಮಂದಿರು ಮೂಡಿದರು. ಅವನಿಗೆ ಕುಣಿಯುವಂತಾಯಿತು. ಮೊದಲನೇ, ಎರಡನೇ, ಮೂರನೇ ರೇಣಮ್ಮ ಶಿಲೆಯಲ್ಲಿ ಕಡೆದ ಹಾಗಿದ್ದರು. ಐದನೆಯವಳೂ ಸರಿ. ನಾಲ್ಕನೆಯವಳು ಮಾತ್ರ ಒಂದು ಬದಿಗೆ ವಾಲಿದ್ದಳು. ಅವಳ ಬಲಗಾಲು ಮೊಣಕಾಲಿನಿಂದ ಕೆಳಗೆ ಬರೀ ಹೊಗೆ. ಯಾರು ನೋಡಿದರೂ ಕುಂಟುತ್ತಿದ್ದಾಳೆ ಎಂದೇ ಹೇಳಬೇಕು, ಹಾಗಿತ್ತು. ತಿರುಗಿ ಬಂದ ಪ್ಲೇಟಿನಲ್ಲಿ ಕಾಲುಗಳೆಲ್ಲ ನೆಟ್ಟಗಿದ್ದವು, ಆದರೆ ಆಕೆ ದಾರಿಯುದ್ದಕ್ಕೂ ಸದ್ದಿಲ್ಲದೆ ತುಟಿಯಲ್ಲೇ ತಮ್ಮನನ್ನು ಬೈಯುತ್ತ ಬಂದಿದ್ದರಿಂದ ಐವರಲ್ಲಿ ಒಬ್ಬರಿಗೂ ಮುಖವಿರಲಿಲ್ಲ.

ಟೋಪಿ ಬದಲಿಸಿದ ಕೈಗೆ ಕಾಲು ಬದಲಿಸುವುದು ಕಷ್ಟವೇ? ಎರಡನೇ ಪ್ಲೇಟಿನ ಒಂದು ಒಳ್ಳೆಯ ಕಾಲನ್ನು ತಂದು ನಾಲ್ಕನೇ ರೇಣಮ್ಮನಿಗೆ ಅಂಟಿಸಿದರಾಯಿತು. ಆ ಕಾಲುಗಳು ತಿರುಗಿ ಬರುವ ಕಾಲುಗಳು, ಬೆರಳು ಎಡಕ್ಕಿರುತ್ತವೆ. ಅದಕ್ಕೆ ಪ್ಲೇಟನ್ನು ಮಗುಚಿ ಹಾಕಿ ಕಾಗದದ ಮೇಲೆ ಇಳಿಸಿದ, ಬೆರಳು ಬಲಕ್ಕೆ ಬಂದವು. ಮಗುಚದೆ ಇಳಿಸಿದ ಕಾಲುಗಳನ್ನೂ ಅಳತೆಗಿರಲಿ ಎಂದು ಕತ್ತರಿಸಿ ಇಟ್ಟುಕೊಂಡ. ಮೇಜಿನ ತುಂಬ ಉಗುರಿನಷ್ಟು ಉಗುರಿನಷ್ಟು ಕಾಲುಗಳು.

"ಕುರಿಕಾಲಿನ ಪಾಯಾ ಅಂಗಡಿ ಇಟ್ಟೀಯೇನಪ್ಪಾ?" ಎಂದ ಮನ್ಸೂರಅಲಿ.

ಅಷ್ಟರಲ್ಲಿ ಮೇಲ್ ರೈಲುಗಾಡಿ ಹಾದುಹೋಗಿ ಸ್ಟುಡಿಯೋ ಎಂದಿನಂತೆ ಅದುರಿತು. ಕಾಲುಗಳೆಲ್ಲ ಓಡಾಡಿ ಒಂದರೊಳಗೊಂದು ಕಲೆತವು. ಭಗವಂತರಾಯ ಅವುಗಳಲ್ಲಿ ಒಂದನ್ನು ಚಿಮಟದಲ್ಲಿ ಹಿಡಿದು, ಗೋಂದು ಹಚ್ಚಿ, ಉಸಿರು ಬಿಗಿಹಿಡಿದು ಅಂಟಿಸಿದ. ಅಂಚಿಗೆ ಪೆನ್ಸಿಲು ಆಡಿಸಿದ. ಅಂಟಿಸಿದ್ದು ತಿಳಿಯಬಾರದೆಂದರೆ ಇದರದ್ದೇ ಇನ್ನೊಂದು ಫೋಟೊ ತೆಗೆಯಬೇಕು ಎಂದು ಮನ್ಸೂರಅಲಿ ಹೇಳಿದ. ಪ್ಲೇಟು ಮುಗಿದಿದ್ದವು, ಹೈದರಾಬಾದಿನಿಂದ ಬರಬೇಕಿತ್ತು. ರಂಗಂಪೇಟೆಯವರು ಕಾಯುತ್ತಿದ್ದರು. ಭಗವಂತರಾಯ ನಾಲ್ಕನೇ ರೇಣಮ್ಮನನ್ನು ತುಸು ದೂರ ಹಿಡಿದು, ತಲೆ ಓರೆ ಮಾಡಿ ನೋಡಿದ. ಅವಳು ನೆಟ್ಟಗೆ ನಿಂತಿದ್ದಳು. ಅಷ್ಟು ಸಾಕಿತ್ತು ಅವನಿಗೆ.

ಅಪ್ಪ ಮಗ ಬಸ್ಸು ಹಿಡಿದು ಸುರಪುರದಲ್ಲಿ ಇಳಿದು ರಂಗಂಪೇಟೆಗೆ ನಡೆದರು. ಗುರುಲಿಂಗಮ್ಮನ ಹೊರಸನ್ನು ಬೆಳಕಿಗೆಂದು ಪಡಸಾಲೆಗೆ ಎಳೆದಿದ್ದರು. ಫೋಟೊದಲ್ಲಿ ಹುಡುಗಿ ನಡೆಯುತ್ತಾಳಂತೆ ಎಂದು ಕೇಳಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮೌನಪ್ಪ ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ.

ಮುದುಕಿ ಕನ್ನಡಕ ಏರಿಸಿ, ಫೋಟೊವನ್ನು ಮೂಗಿಗೆ ಹಿಡಿದಳು.

"ಮಲ್ಕಪ್ಪಾ, ಒಬ್ಬಾಕಿನ್ನ ಕೇಳಿದ್ರ ಐದು ಮಂದಿನ್ನ ತಂದೀಯಲ್ಲಪ್ಪ. ಇದ್ರಾಗ ನಮ್ಮಾಕಿ ಯಾಕಿ?"

"ಐದೂ ಆಕಿನ ರೀ ಯವ್ವಾ," ಎಂದ ಭಗವಂತರಾಯ.

"ಒಬ್ಬಾಕಿ ಐದು ಕಡಿ ಹ್ಯಾಂಗ ನಿಲ್ತಾಳ?"

"ನಿಂತಿಲ್ಲರಿ, ನಡ್ಯಾಕತ್ತಾಳ. ಇದು ಮೊದಲ್ನೇ ಹೆಜ್ಜಿ, ಇದು ಎರಡನೇದು. ಕಾಲ ಅನ್ನೂದು ಮುಂದ ಹೋದಂಗ…"

"ಕಾಲ ನಾ ನೋಡ್ತೀನಿ, ನೀ ಸುಮ್ಮನ ಕುಂದ್ರು." ಮುದುಕಿ ಬೆರಳಿಟ್ಟು ಒಬ್ಬೊಬ್ಬಳನ್ನೇ ನಡೆಸಿಕೊಂಡು ಹೋದಳು. ಮೊದಲನೆಯವಳು ದಾಟಿದಳು. ಎರಡನೆಯವಳು, ಮೂರನೆಯವಳು ದಾಟಿದರು. ಹೆಂಗಸರ ನಡುವೆ ಮೆಚ್ಚುಗೆಯ ಗುಜುಗುಜು ಎದ್ದಿತು. ಭಗವಂತರಾಯನ ಎದೆ ಉಬ್ಬಿತು. ಬೆರಳು ನಾಲ್ಕನೆಯವಳ ಮೇಲೆ ನಿಂತಿತು. ಅಲ್ಲೇ ನಿಂತಿತು.

"ಈಕಿ ಕಾಲು ಹಿಂದ ಮುಂದ ಅದಲ್ಲೋ!"

ಭಗವಂತರಾಯ ಬಗ್ಗಿ ನೋಡಿದ. ನಾಲ್ಕನೇ ರೇಣಮ್ಮ ಬಲಕ್ಕೆ ಹೊರಟಿದ್ದಳು. ಅವಳ ಬಲಪಾದ ಎಡಕ್ಕೆ, ಮನೆಯ ಕಡೆಗೆ ಹೊರಟಿತ್ತು. ಕಲೆತ ರಾಶಿಯಲ್ಲಿ ಅವನು ಮಗುಚದ ಕಾಲನ್ನು ಎತ್ತಿಕೊಂಡಿದ್ದ.

"ಯವ್ವಾ!" ಎಂದು ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿದಳು. "ಪಾದ ಹಿಂದಕ ಯಾರಿಗೆ ಇರ್ತಾವ ಗೊತ್ತದಿಲ್ಲ? ಅದಕ ಐದು ಕಡಿ ಕಾಣಾಕತ್ತಾಳ!" ಓಣಿಯವರೆಲ್ಲ ಒಟ್ಟಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಮೌನಪ್ಪ ಕಂಬವನ್ನು ತಬ್ಬಿಕೊಂಡ.

ಕಾಲು ನಾನು ಅಂಟಿಸಿದ್ದು ಎಂದರೆ ಅಕ್ಕ ಕುಂಟಿ. ಅಂಟಿಸಿಲ್ಲ ಎಂದರೆ ಅಕ್ಕ ದೆವ್ವ. ಈ ಎರಡರಲ್ಲಿ ಯಾವುದಕ್ಕೆ ಗಂಡು ಸಿಗುವುದು ಸುಲಭ ಎಂದು ಭಗವಂತರಾಯ ನಿಜವಾಗಿಯೂ ಒಂದು ಗಳಿಗೆ ಯೋಚಿಸಿದ.

"ನಾ ಅಂಟಿಸೀನಿರಿ," ಎಂದ ಕಡೆಗೆ.

"ಯಾಕ? ಅಲ್ಲಿದ್ದ ಕಾಲಿಗೆ ಏನಾಗಿತ್ತು?"

ಗುರುಲಿಂಗಮ್ಮ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಆ ಕಾಲಿನ ಮೇಲೆ ಉಜ್ಜತೊಡಗಿದಳು. ಗೋಂದು ನೆನೆಯಿತು. ಪೆನ್ಸಿಲಿನ ಗೆರೆ ಕರಗಿತು. ಕಾಗದದ ಚೂರು ಸುರುಳಿಯಾಗಿ ಅವಳ ಉಗುರಿಗೆ ಬಂತು. ಅಡಿಯಲ್ಲಿ ಹೊಗೆಯ ಕಾಲು ಹಾಗೇ ಇತ್ತು, ವಾಲಿದ ಮೈ ಹಾಗೇ ಇತ್ತು. ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ. ಅದನ್ನು ಪ್ಲೇಟಿನ ದೋಷವೆಂದುಕೊಂಡು ಅವನು ಅದೇ ಚೂರಿನಡಿ ಮುಚ್ಚಿದ್ದ. ಅಕ್ಕನ ಮುಖ ಕಣ್ಣಿಗೆ ಕಟ್ಟಿ ಭಗವಂತರಾಯ ತಲೆ ತಗ್ಗಿಸಿದ.

ಆಗ ಮಲ್ಕಪ್ಪ ಗೊಳ್ಳೆಂದು ನಕ್ಕ.

"ಇಗಾ ನೋಡ್ರಿ ಯವ್ವಾ, ಇದು ನಮ್ಮ ಕರಿ ಕುರಿಮರಿ! ಕಂಬಳ್ಯಾಗ ಅದರ ಮೈ ಕಾಣವಲ್ದು, ಹಣಿ ಮ್ಯಾಗಿನ ಚುಕ್ಕಿ ಒಂದ ಬಂದದ. ಅದು ಬಂದು ಕಂಬಳಿ ಜಗ್ಗಾಕತ್ತಿತ್ರಿ. ರೇಣಿ ಹಿಂಗ ಎಡಗಾಲ ಮ್ಯಾಲ ನಿಂತು, ಬಲಗಾಲ್ಲೆ ಜಾಡಿಸಿ ಒದ್ಲು!" ಮಲ್ಕಪ್ಪ ಒದ್ದು ತೋರಿಸಲು ಹೋಗಿ ಎಡಗಾಲ ಮೇಲೆ ನಿಲ್ಲಲಾರದೆ ಗೋಡೆ ಹಿಡಿದ.

"ಯಪ್ಪಾ, ನೀ ಕಂಡಿದ್ದೀ? ಯಾಕ ಹೇಳಲಿಲ್ಲ?"

"ಪಿಟಕ್ ಅನಬ್ಯಾಡ ಅಂದಿದ್ದಿ. ಆಮ್ಯಾಲ ಮಾತಾಡು ಅಂತ ನೀ ಅನ್ನಲೇ ಇಲ್ಲ."

ಗುರುಲಿಂಗಮ್ಮ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಗೋಡೆ ಹಿಡಿದ ಮಲ್ಕಪ್ಪನನ್ನೂ ಒಮ್ಮೆ ನೋಡಿದಳು.

"ಕುಂಟಿ ಆಗಿದ್ರ ಒಂಟಿಗಾಲ ಮ್ಯಾಲ ನಿಂತು ಒದೀಲಾಕ ಬರ್ತಿತ್ತೇನು? ನಿಮ್ಮಪ್ಪಗ ಬರವಲ್ದು. ಏ ಮೌನಪ್ಪಾ, ಕಂಬ ಬಿಟ್ಟು ಬೆಲ್ಲ ತಾ. ನಿನಗ ಇಂಥಾಕಿನ ಬೇಕು."

ಬೆಲ್ಲ ಹಂಚಿದರು. ಹಿಂದೆ ಸರಿದ ಹೆಂಗಸರೆಲ್ಲ ಮುಂದೆ ಬಂದರು. ಅಕ್ಕನ ಕೈಯಿಂದ ಬದುಕಿದೆ ಎಂದುಕೊಂಡ ಭಗವಂತರಾಯ ಧೈರ್ಯ ಮಾಡಿ ಫೋಟೊದತ್ತ ಕೈ ಚಾಚಿದ. ಅದರ ಬೇರೆ ಪ್ರತಿ ಇನ್ನೂ ಇಳಿಸಿರಲಿಲ್ಲ; ಕಾಲು ಹೇಗೇ ಇರಲಿ, ಚಲನೆಯನ್ನು ಅವನು ಹಿಡಿದದ್ದು ಅದೊಂದರಲ್ಲೇ.

"ಕೊಡಂಗಿಲ್ಲ," ಎಂದಳು ಮುದುಕಿ. "ನನ್ನ ತಲಿದಿಂಬಿನ ಹತ್ರ ಇಟಗೋತೀನಿ. ಆದ್ರ ಹಿಂಗಲ್ಲ. ಬಂದವ್ರು ನಿನ್ನ ಮೊಮ್ಮಗಗ ಐದು ಮಂದಿ ಹೆಂಡ್ರೇನು ಅಂದ್ರ ಏನ್ ಹೇಳ್ಲಿ? ಒದ್ಯಾಕತ್ತಾಕಿನ್ನ ಒಬ್ಬಾಕಿನ್ನ ಬಿಟ್ಟು ಉಳದ ನಾಕು ಮಂದಿನ್ನ ತಗದು ಹಾಕು."

"ಯವ್ವಾ, ಆ ನಾಕ ಮಂದಿನ ಛಲೋ ಬಂದಾರ್ರಿ! ಈಕಿ ಅಂದ್ರ ಬರೀ ಹೊಗಿ…"

"ಕತ್ತರಿ ತಗೋ."

ಕುರಿಯ ಉಣ್ಣೆ ತೆಗೆಯುವ ಕತ್ತರಿ ಬಂತು. ಭಗವಂತರಾಯ ನೆಲಕ್ಕೆ ಕೂತು, ಒಳ್ಳೆಯ ರೇಣಮ್ಮಂದಿರನ್ನು ಒಬ್ಬೊಬ್ಬಳನ್ನಾಗಿ ಕತ್ತರಿಸಿ ಚಾಪೆಯ ಮೇಲಿಟ್ಟ. ನಾಲ್ಕನೆಯವಳನ್ನು ಮುದುಕಿಗೆ ಕೊಟ್ಟು, ಉಳಿದವರನ್ನಾದರೂ ತಾನು ಇಟ್ಟುಕೊಳ್ಳೋಣವೆಂದು ಎತ್ತಿಕೊಳ್ಳಲು ತಿರುಗಿದರೆ ಮೂವರೇ ಇದ್ದರು. ಚಾಪೆಯ ಅಡಿ ನೋಡಿದ. ಕತ್ತರಿಯ ಅಡಿ ನೋಡಿದ. ತಲೆಯೆತ್ತಿದರೆ ಮೌನಪ್ಪ ಬೆಲ್ಲದ ತಟ್ಟೆಯನ್ನು ಅಂಗಿಯ ಕಿಸೆಗೆ ಅಡ್ಡ ಹಿಡಿದುಕೊಂಡು, ಮತ್ತೆ ಕಂಬದ ಹಿಂದೆ ಹೋಗಿ ನಿಂತಿದ್ದ.