ಯುಗಾದಿಗೆ ಬರಬೇಕಿದ್ದ ಸರ್ವರ್

ಬಾಯಿಗೆ ಬೀಗ ಹಾಕಿಕೊಳ್ಳುವುದೇನು ಮಹಾ ಎನ್ನುವವರು ಎರಡು ದಿನ ತ್ರಿವೇಣಿಯ ಜಾಗದಲ್ಲಿ ನಿಂತು ನೋಡಬೇಕಿತ್ತು.

ಅಜ್ಜಂಪುರದ ಮನೆಯಲ್ಲೇ ಕೂತು ಅವಳು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದಳು. ಸರ್ವರ್‌ಗೆ, ಅಂದರೆ ಕಚೇರಿಯ ಲೆಕ್ಕಪತ್ರವೆಲ್ಲ ಇರುವ ದೊಡ್ಡ ಕಂಪ್ಯೂಟರಿಗೆ, ಹಾಕುವ ಹೊಸ ಪ್ರೊಸೆಸರ್ ಮಾರುಕಟ್ಟೆಗೆ ಬರುವ ಮುಂಚೆ ಅದರ ತಪ್ಪು ಹುಡುಕುವ ಕೆಲಸ. ಸೋಮವಾರ ಒಂದು ಸಿಕ್ಕಿತು. ಆ ಪ್ರೊಸೆಸರ್ ತೀರಾ ಕಾದಾಗ, ಸಾವಿರಕ್ಕೊಮ್ಮೆ ಲೆಕ್ಕ ತಪ್ಪುತ್ತಿತ್ತು. ನೋಡಿಯೂ ನೋಡದಂತಿರಬಹುದಿತ್ತು, ಅವಳ ಜಾಯಮಾನಕ್ಕೆ ಅದು ಒಗ್ಗಲಿಲ್ಲ. ಬರೆದು ಕಳಿಸಿದಳು. ಮರುದಿನವೇ ಬಿಡುಗಡೆ ಆರು ತಿಂಗಳು ಮುಂದೆ ಹೋಯಿತು. ಕಂಪನಿ ಪ್ರಕಟಿಸುವವರೆಗೆ ಮನೆಯವರಿಗೂ ಹೇಳಕೂಡದು ಎಂಬ ಕಾಗದಕ್ಕೆ ಅವಳು ಸೇರುವಾಗಲೇ ಸಹಿ ಹಾಕಿದ್ದಳು.

ಅವಳ ಗಂಡ ತೀರ್ಥೇಶನಿಗೆ ತರೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ. ಆ ಹೊಸ ಪ್ರೊಸೆಸರಿನ ಸರ್ವರನ್ನೇ ಕಡೂರಿನ ಸಹಕಾರ ಸಂಘವೊಂದಕ್ಕೆ ಯುಗಾದಿಯೊಳಗೆ ಕೊಡುತ್ತೇನೆಂದು ಮಾತು ಕೊಟ್ಟು ಕೂತಿದ್ದ. ಸಂಘದ ಹಳೆಯ ಯಂತ್ರ ಇವತ್ತೋ ನಾಳೆಯೋ ಎನ್ನುವಂತಿತ್ತು.

ಬುಧವಾರ ತಿಂಡಿಯ ಹೊತ್ತಿಗೆ ಸಂಘದ ಕಾರ್ಯದರ್ಶಿ ಸೋಮಶೇಖರಪ್ಪನವರ ಫೋನ್ ಬಂತು. ತೀರ್ಥೇಶ ಸ್ಪೀಕರಿಗೆ ಹಾಕಿದ.

“ಈಗಿರೋ ಮಾಡೆಲ್ಲೇ ಕೊಟ್ಬಿಡಪ್ಪಾ, ಸಾಕು.”

“ಅದ್ಯಾಕೆ ಸಾರ್? ಹದಿನೈದು ದಿನ ತಡ್ಕಳಿ. ಹೊಸದು ಬಂದೇ ಬತ್ತದೆ, ನನ್ ಮಾತು.”

ದೋಸೆ ಹುಯ್ಯುತ್ತಿದ್ದ ತ್ರಿವೇಣಿ ಸೌಟು ಬಿಟ್ಟು ಬಂದಳು.

“ರೀ, ಅವ್ರು ಕೇಳಿದ್ದನ್ನೇ ಕೊಟ್ಬಿಡಿ.”

“ನಿಂಗೊತ್ತಾಗಲ್ಲ, ಸುಮ್ನಿರು,” ಎಂದು ತೀರ್ಥೇಶ ಅಂಗಡಿಗೆ ಹೊರಟುಹೋದ.

ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಗಂಡನ ಮಾನ. ಅತ್ತ ದರಿ, ಇತ್ತ ಪುಲಿ. ಅವಳಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು.

ಶುಕ್ರವಾರ ಕಂಪನಿ ಸುದ್ದಿ ಪ್ರಕಟಿಸಿತು. ಅದೇ ದಿನ ಸಂಘದ ಯಂತ್ರವೂ ಕೆಟ್ಟು ನಿಂತಿತು. ಕೌಂಟರಿನ ಮುಂದೆ ಸಾಲು ನಿಂತ ಜನ ತೀರ್ಥೇಶನ ಹೆಸರು ಹಿಡಿದೇ ಬೈದರಂತೆ. ಮಧ್ಯಾಹ್ನ ಅವನು ಕೆಂಡವಾಗಿ ಮನೆಗೆ ಬಂದ.

“ಯಾವನೋ ಕೊನೇ ಗಳಿಗೇಲಿ ತಪ್ಪು ಹಿಡಿದ್ನಂತೆ ಕಣೇ. ಅವ್ನ ಮನೆ ಹಾಳಾಗ!”

“ಆ ಮನೆ ಇದೇ ಕಣ್ರೀ. ಹಿಡಿದೋಳು ನಾನು.”

ತೀರ್ಥೇಶ ಗೋಡೆಗೊರಗಿದ. “ಬುಧವಾರ ನಾನು ಮಾತು ಕೊಡೋವಾಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮುಂದಿನ್ ಸಲನಾದ್ರೂ ಹೇಳ್ತೀಯಾ?”

ಹೂಂ ಎಂದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ತ್ರಿವೇಣಿಗೆ ಅಳು ಉಕ್ಕಿ ಬಂತು, ಸುಳ್ಳು ಮಾತ್ರ ಬರಲಿಲ್ಲ.

“ಇಲ್ಲ,” ಎಂದಳು.

ಈಗಿರುವ ಮಾಡೆಲ್ಲನ್ನಾದರೂ ಕೂರಿಸಿ ಬರಲು ತೀರ್ಥೇಶ ಕಡೂರಿಗೆ ಹೊರಟ. ಅವನು ಉಣ್ಣದೇ ಹೋದ ಊಟವನ್ನು ಅವಳು ಮುಚ್ಚಿಟ್ಟಳು.