ಕಾಲುವೆಯ ಕೊನೆಯ ಕೇರಿ

"ಬೆಳಬೆಳಿಗ್ಗಿನೇ ಏರಿಸ್ಕಂಡು ಬಂದೀಯೇನಲೇ ಸೂಳೆಮಗನ? ಪಂಪು ಹಿಡಿಯಾಕ ಬರವಲ್ದು!"

ಬುಕ್ಕಸಾಗರದ ಗದ್ದೆ ಬದುವಿನ ಮೇಲೆ ನಿಂತು ಕೊಟ್ರಯ್ಯ ಸಾಹುಕಾರ ಕೂಲಿಯಾಳು ಹುಲುಗಪ್ಪನನ್ನು ಬೈಯುತ್ತಿದ್ದ. ಹುಲುಗಪ್ಪ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಹರೆಯದಿಂದ ಅವನ ಬೆನ್ನಿಗಿದ್ದದ್ದು ಸಾಹುಕಾರನ ಈ ಸಿಂಪಡಿಸುವ ಪಂಪು, ಮೂಗಿಗಿದ್ದದ್ದು ಕಳೆ ಸುಡುವ ಔಷಧದ ನಾತ. ಅದನ್ನು ಬರಿಗೈಯಲ್ಲೇ ಕಲಸುತ್ತ ಬಂದಿದ್ದ. ಈಗ ಅದೇ ಕೈ ತುತ್ತನ್ನು ಬಾಯಿಗೆ ಮುಟ್ಟಿಸದೆ ಮಡಿಲಿಗೆ ಚೆಲ್ಲುತ್ತಿತ್ತು. ಹೆಂಡತಿ ಸುಂಕಲಮ್ಮ ಉಣ್ಣಿಸುವಾಗ ಅವನಿಗೆ ಸತ್ತುಹೋಗಬೇಕೆನಿಸುತ್ತಿತ್ತು.

"ಕುಡಿದಿಲ್ರೀ ಸಾವ್ಕಾರ್ರ," ಎಂದಳು ಗಂಡನ ಪಕ್ಕದಲ್ಲೇ ನಿಂತಿದ್ದ ಸುಂಕಲಮ್ಮ. "ಹೊಸಪ್ಯಾಟಿ ಡಾಕ್ಟ್ರು ನೋಡ್ಯಾರ್ರಿ. ಪಾರ್ಕಿನ್ಸನ್ ಅಂತ್ರಿ, ನಡುಗೋ ರೋಗ. ಮನಿತನದಾಗ ಯಾರಿಗರ ಐತೇನಂತ ಕೇಳಿದ್ರು. ಮನಿತನದಾಗಿಲ್ರಿ, ಕೇರ್ಯಾಗ ಐತಿ ಅಂದೆ. ಔಸ್ದ ಹೊಡಿಯೋ ಗಂಡಸ್ರಿಗೆಲ್ಲ ಹಿಂಗಾ ಕೈ ನಡಗತಾವ್ರಿ."

"ನಿಮ್ಮ ಕೇರಿಗೆ ದೇವಿ ಮುನಿದಾಳ, ಹರಕಿ ತೀರಸ್ರಿ. ನಮ್ಮನ್ಯಾಗ ಯಾರಿಗೈತಿ? ನಾವೂ ಇದಾ ಗದ್ದಿ ಅನ್ನ ಉಣ್ಣಾದು."

"ನೀವು ಪಂಪು ಹೊತ್ತೀರೇನ್ರಿ?"

ಸಾಹುಕಾರನ ಮುಖ ಕೆಂಡವಾಯಿತು. "ನಾಲಿಗಿ ಭಾಳ ಉದ್ದ ಆತು ನಿಂದು. ಅವನ ಕೈಲಾಗದಿದ್ರ ನೀ ಹೊರು. ಇಲ್ಲಾಂದ್ರ ನಾಳಿಂದ ಇಬ್ರೂ ನನ್ನ ಗದ್ದಿಗೆ ಕಾಲಿಡಬ್ಯಾಡ್ರಿ."

ಬಡವನ ಕೋಪ ದವಡೆಗೆ ಮೂಲ. ಸುಂಕಲಮ್ಮ ಸೆರಗು ಸಿಕ್ಕಿಸಿ, ಔಷಧ ಕಲಸಲು ಬಕೀಟಿನೊಳಗೆ ಬರಿಗೈ ಇಳಿಸಿದಳು.

ಹುಲುಗಪ್ಪ ಬ್ಯಾಡ ಎಂದು ಕೂಗಲು ಹೋದ, ರೋಗ ತಿಂದಿದ್ದ ದನಿ ಗಂಟಲಲ್ಲೇ ಇಂಗಿತು. ಕಾಲು ಕೀಳಲು ನೋಡಿದ, ಅದು ನೆಲ ಬಿಡಲಿಲ್ಲ. ಕೊನೆಗೆ ಮುಂದಕ್ಕೆ ವಾಲಿ, ಇಡೀ ಮೈಯನ್ನೇ ಬಕೀಟಿನ ಮೇಲೆ ಕೆಡವಿಕೊಂಡ. ಔಷಧವೆಲ್ಲ ಚೆಲ್ಲಿಹೋಯಿತು. ತನ್ನ ಮೈ ತನ್ನ ಮಾತು ಕೇಳಿತಲ್ಲ ಎಂದು ಕೆಸರಿನಲ್ಲಿ ಬಿದ್ದಲ್ಲೇ ಅವನಿಗೆ ಖುಷಿಯಾಯಿತು.

"ಅಯ್ಯೋ, ಕಾಲವಿಗೆ ಹೊಂಟೈತಿ!" ಸುಂಕಲಮ್ಮ ಚೀರಿದಳು.

ಔಷಧ ಬದು ಇಳಿದು ಕಾಲುವೆ ಸೇರಿತ್ತು. ಆ ನೀರು ಎಲ್ಲರ ಗದ್ದೆ ದಾಟಿ ಕೊನೆಗೆ ಮುಟ್ಟುವುದು ಅವರ ಕೇರಿಗೇ; ಕೇರಿಯವರು ಕುಡಿಯುವುದೂ ಅದನ್ನೇ. ಸುಂಕಲಮ್ಮ ಕೂಗುತ್ತ ದಂಡೆಗುಂಟ ಓಡಿದಳು.

"ಓಡು, ಓಡು. ವಾಪಸ್ ಬಂದು ಇದನ್ನ ಹೊಡಿ," ಎನ್ನುತ್ತ ಕೊಟ್ರಯ್ಯ ಇನ್ನೊಂದು ಡಬ್ಬಿಯ ಮುಚ್ಚಳ ತಿರುವಿದ.

ಹುಲುಗಪ್ಪನಿಗೆ ಏಳಲಾಗಲಿಲ್ಲ. ದೂರದಲ್ಲಿ, ಕೇರಿಯ ಕಾಲುವೆ ಮೆಟ್ಟಿಲ ಮೇಲೆ, ಪಕ್ಕದ ಮನೆಯ ಭರಮಮ್ಮ ಕೊಡ ಹಿಡಿದು ನೀರಿಗೆ ಬಗ್ಗುತ್ತಿದ್ದಳು. ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ.